ಮುಠಾ ನದಿಯಲ್ಲಿ ಕೇಳಿದ ಷಡ್ಜ

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಬಂದ ಎರಡನೆಯ ದೀಪಾವಳಿ ಆಗಷ್ಟೇ ಮುಗಿದಿತ್ತು. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ನಾನು ಮತ್ತು ರಾಘು ಎಂಬ ಹುಡುಗ ಒಂದೇ ಕೋಣೆಯಲ್ಲಿದ್ದೆವು. ನನಗೆ ಇಪ್ಪತ್ತು, ಅವನಿಗೆ ಹದಿನಾರು. ಇಬ್ಬರೂ ಹಾಡು ಕಲಿಯಲು ಬಂದವರು. ನಮ್ಮ ಗುರುಗಳು ಧಾರವಾಡದ ಕಡೆಯವರು, ಪುಣೆಯಲ್ಲೇ ನೆಲೆ ನಿಂತಿದ್ದರು. ಊರೆಲ್ಲ ಅವರನ್ನು ‘ಬುವಾ’ ಎನ್ನುತ್ತಿತ್ತು, ನಾವೂ ಹಾಗೇ ಅನ್ನುತ್ತಿದ್ದೆವು. ವಾಡೆಯ ಕೆಳಗಿನ ಅಂಕಣದಲ್ಲಿ ಅವರ ಮನೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನನ್ನ ಹೆಸರು ಶೇಷಗಿರಿ. ಆ ಪೇಠೆಯಲ್ಲಿ ನನ್ನಂಥ ಕಿತಾಪತಿ ನನಗಿಂತ ಮೊದಲೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಿಲ್ಲ. ಗಾಯನ ಶಾಲೆಯ ಬೋರ್ಡನ್ನು ರಾತ್ರೋರಾತ್ರಿ ಕಟಿಂಗ್ ಅಂಗಡಿಗೆ ಏರಿಸಿದವನು ನಾನು. ಟಾಂಗಾದ ಕುದುರೆಯೊಂದಕ್ಕೆ ಬಾಸಿಂಗ ಕಟ್ಟಿ ಬಿಟ್ಟಾಗ, ಅರ್ಧ ದಿಬ್ಬಣ ಮದುಮಗನನ್ನು ಬಿಟ್ಟು ಕುದುರೆಯ ಹಿಂದೆ ಹೋದದ್ದೂ ನನ್ನ ಕೃಪೆಯೇ. ಸಿಕ್ಕಿಬಿದ್ದದ್ದು ಒಂದು ಸಲವೂ ಇಲ್ಲ. ಸಿಕ್ಕಿಬೀಳದ ಒಂದು ಕಿತಾಪತಿಯ ಕಥೆಯನ್ನೇ ಈಗ ಹೇಳಹೊರಟಿದ್ದೇನೆ. ನಗಬೇಕೆಂದು ಕೂತವರು ಮುಂದಿನ ನಾಲ್ಕು ಪ್ಯಾರಾ ನಕ್ಕುಬಿಡಿ, ಆಮೇಲೆ ನಾನು ಹೊಣೆಯಲ್ಲ.

ರಾಘು ಗುಳೇದಗುಡ್ಡದವನು. ತಂದೆ ಇಲ್ಲ. ತಾಯಿ ತನ್ನ ಅಣ್ಣನ ಮನೆಯಲ್ಲಿದ್ದಳು. ಎಂಟನೆಯ ವಯಸ್ಸಿನಿಂದ ಒಂದು ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡಿ, ಸೀರೆ ಉಟ್ಟು ಹಾಡಿ, ಒಂದೊಂದು ಪದಕ್ಕೆ ಮೂರು ಮೂರು ಸಲ ‘ಒನ್ಸ್ ಮೋರ್’ ಹೊಡೆಸಿಕೊಂಡವನು. ಹದಿನೈದಕ್ಕೆ ದನಿ ಒಡೆಯಿತು. ಒಂದು ಸಂಜೆ ಸೀತೆಯಾಗಿ ಹಾಡುತ್ತಿದ್ದವನ ಗಂಟಲಿನಿಂದ ರಾವಣ ಕೆಮ್ಮಿದ ಹಾಗಾಯಿತಂತೆ. ಜನ ನಕ್ಕರು. ಕಂಪನಿಯವರು ಮನೆಗೆ ಕಳಿಸಿದರು. ಹಳೆಯ ದನಿ ಕೇಳಿ ನೆನಪಿಟ್ಟಿದ್ದ ನಮ್ಮ ಬುವಾ ‘ಇಲ್ಲಿ ಬಾ’ ಎಂದು ಕರೆಸಿಕೊಂಡಿದ್ದರು.

ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆಂದು ಕೇಳಿದರೆ ಹೇಳಲು ನಾಚಿಕೆ. ಆಗ ನಮ್ಮಂಥ ಹುಡುಗರಿಗೆಲ್ಲ ವಾರಾನ್ನದ ಊಟ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ. ನಾನು ಮೂರು ವರ್ಷ ಆ ಮನೆಗಳಲ್ಲಿ ಉಂಡವನು, ಹೆಂಗಸರನ್ನೆಲ್ಲ ನಗಿಸಿ ನಗಿಸಿ ಹೋಳಿಗೆ ಸಂಪಾದಿಸಿದವನು. ಈ ಹುಡುಗ ಬಂದ ಎಂಟೇ ದಿನಕ್ಕೆ ತುಪ್ಪದ ಚಮಚ ಅವನ ಎಲೆಯ ಕಡೆ ತಿರುಗಿತು. ನಾವಿದ್ದ ವಾಡೆಯ ಮಾಲಕಿಯನ್ನು ಎಲ್ಲರೂ ಕಾಕೂ ಎನ್ನುತ್ತಿದ್ದರು. ಮರಾಠಿ ಬಿಟ್ಟರೆ ಬೇರೆ ಮಾತು ಬಾರದ, ಸಿಟ್ಟಿನ ಮುದುಕಿ. ಅವಳು ಕೂಡ ಅವನಿಗೆ ಅರಿಸಿನ ಹಾಕಿದ ಹಾಲು ತಂದುಕೊಟ್ಟು, “ಬಿಚಾರಾ, ಕಿತಿ ಗೋಡ ಗಳಾ ಹೋತಾ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಪ, ಎಷ್ಟು ಸಿಹಿ ಕಂಠ ಇತ್ತು ಅಂತ. ಅವಳು ಆ ಕಂಠ ಕೇಳಿಯೇ ಇರಲಿಲ್ಲ! ನನ್ನ ಕಂಠ ಮೂರು ವರ್ಷ ದಿನಾ ಬೆಳಿಗ್ಗೆ ಕೇಳಿದ್ದಳು. ಅದರ ಬಗ್ಗೆ ಅವಳು ಆಡಿದ್ದು ಒಂದೇ ಮಾತು, “ಸಾವಕಾಶ.” ಮೆಲ್ಲಗೆ ಅಂತ.

ದನಿ ಇದ್ದವರ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನೀವು ನೋಡಿರಬಹುದು. ದನಿ ಹೋದವನ ಮೇಲೆ, ಅವನ ದುಃಖದ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನೊಬ್ಬನೇ ಇರಬೇಕು.

ದೀಪಾವಳಿಯಾದ ಮೇಲೆ ಬುವಾ ಉತ್ತರದ ಕಡೆ ಎರಡು ತಿಂಗಳ ಕಛೇರಿಗಳಿಗೆ ಹೊರಟರು. ತಂಬೂರಿ ಅವರ ಜೊತೆ ಹೋಯಿತು. ಪೇಟಿ, ಅಂದರೆ ಹಾರ್ಮೋನಿಯಂ, ನನ್ನ ವಶಕ್ಕೆ ಬಂತು. ಟಾಂಗಾ ಬಾಗಿಲಿಗೆ ಬಂದಾಗ ರಾಘು ಊಟಕ್ಕೆ ಹೋಗಿದ್ದ. ಬುವಾ ನನ್ನನ್ನು ಪಕ್ಕಕ್ಕೆ ಕರೆದರು.

“ಶೇಷ್ಯಾ, ಆ ಪೋರ ಇನ್ನೂ ಕರಿ ನಾಲ್ಕರ ಮ್ಯಾಲೆ ಜೋತು ಬಿದ್ದಾನ. ಕರಿ ಒಂದಕ್ಕ ಇಳಸು. ಮಂದ್ರ ಸಾಧಕಾ ಮಾಡ್ಸು. ಗಂಡಸಿನ ದನಿ ಒಳಗ ಅದ ಅವನಲ್ಲಿ. ನಾ ಹೇಳೀನಂತ ಹೇಳು, ನಿನ್ನ ಮಾತು ಕೇಳಲಿಕ್ಕಿಲ್ಲ ಅಂವ.”

“ಹೇಳ್ತೀನ್ರಿ ಬುವಾ.”

“ಮತ್ತ ನೋಡು, ಮುಂದಿನ ಸಲ ಕಛೇರಿಗೆ ನನ್ನ ಹಿಂದ ತಂಬೂರಿ ಹಿಡೀಲಿಕ್ಕೆ ಒಬ್ಬ ಬೇಕು. ನೀನೋ, ಅಂವನೋ, ಬಂದ ಮ್ಯಾಲೆ ನೋಡ್ತೀನಿ.”

ಪೇಟಿಯಲ್ಲಿ ಕರಿ ನಾಲ್ಕು ಎಂದರೆ ಬೆರಳಿನಿಂದ ಒತ್ತುವ ಕಪ್ಪು ಮನೆಗಳಲ್ಲಿ ನಾಲ್ಕನೆಯದು. ಹೆಂಗಸರು, ಸಣ್ಣ ಹುಡುಗರು ಅದನ್ನು ಷಡ್ಜ, ಅಂದರೆ ಆಧಾರದ ‘ಸಾ’, ಮಾಡಿಕೊಂಡು ಹಾಡುತ್ತಾರೆ. ಗಂಡಸರಿಗೆ ಕರಿ ಒಂದರ ಸುತ್ತಮುತ್ತ, ಅದಕ್ಕಿಂತ ಬಹಳ ಕೆಳಗೆ. ರಾಘುವಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಏಳು ವರ್ಷ ಒಂದೇ ಮನೆಯಿಂದ ಹಾಡಿದವನು. ಅದರಿಂದ ಇಳಿದರೆ ಸೋತಂತೆ ಎಂದು ಅವನ ತಲೆಯಲ್ಲಿ ಕೂತಿತ್ತು. ಗುರುಗಳ ಒಂದು ಮಾತು ಸಾಕಿತ್ತು ಇಳಿಸಲು. ಆ ಮಾತು ನನ್ನ ಬಾಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ಗುರುಗಳ ಹಿಂದೆ ತಂಬೂರಿ ಹಿಡಿದು ಕೂರುವುದೆಂದರೆ ಸಣ್ಣ ಮಾತಲ್ಲ. ನಡುನಡುವೆ ಅವರು ತಿರುಗಿ ನೋಡಿದರೆ ಒಂದು ಆಲಾಪ ಎತ್ತಬಹುದು. ಸಭೆ ನಿಮ್ಮ ಮುಖ ನೋಡುತ್ತದೆ. ಗವಾಯಿಯಾಗುವ ಬಾಗಿಲೇ ಅದು.

ಹೀಗಾಗಿ ದಿನಾ ನಸುಕಿನಲ್ಲಿ ನಾನು ಪೇಟಿ ತೆಗೆದು, ಸಾಕ್ಷಾತ್ ಧರ್ಮರಾಯನ ಮುಖ ಮಾಡಿಕೊಂಡು, ಕರಿ ನಾಲ್ಕು ಒತ್ತುತ್ತಿದ್ದೆ. ರಾಘು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ. ಅರ್ಧ ದಾರಿಯಲ್ಲಿ ದನಿ ಕೀಚಲಾಗಿ ಮುರಿಯುತ್ತಿತ್ತು. ಮತ್ತೆ ಎತ್ತುತ್ತಿದ್ದ, ಮತ್ತೆ ಮುರಿಯುತ್ತಿತ್ತು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಸೋದರಮಾವ ಗಡುವು ಹಾಕಿ ಪತ್ರ ಬರೆದಿದ್ದ: ಸಂಕ್ರಾಂತಿಯೊಳಗೆ ದನಿ ಬಾರದಿದ್ದರೆ ಊರಿಗೆ ಬಂದು ತನ್ನ ಖಣದ ಅಂಗಡಿಯಲ್ಲಿ ಕೂರಬೇಕು, ಹಾಡಿನ ಹೆಸರು ಮತ್ತೆ ಎತ್ತಬಾರದು. ಕುಪ್ಪಸದ ಬಟ್ಟೆ ಮಡಿಸುತ್ತ ಜೀವನ ಕಳೆಯಬೇಕು.

ಒಂದು ದಿನ ಅವನೇ ನನ್ನ ಕೈ ಹಿಡಿದು ಕೇಳಿದ. “ಶೇಷಣ್ಣ, ನೀವು ಹಳಬ್ರು. ಏನರ ಉಪಾಯ ಹೇಳ್ರಿ.”

ಹುಲಿಯ ಬಾಯಿಗೆ ಕುರಿ ತಾನಾಗಿ ತಲೆ ಕೊಟ್ಟರೆ ಹುಲಿ ಏನು ಮಾಡಬೇಕು ಹೇಳಿ?

“ಅದ,” ಎಂದೆ ದನಿ ತಗ್ಗಿಸಿ. “ಉತ್ತರದ ದೊಡ್ಡ ದೊಡ್ಡ ಗವಾಯಿಗೋಳ ಗುಪ್ತ ವಿದ್ಯಾ. ಹೊತ್ತು ಮೂಡೂಕಿಂತ ಮೊದಲ ಹೊಳ್ಯಾಗ ಕುತ್ತಿಗಿಮಟಾ ನಿಂತು ಒಂಬತ್ತು ದಿನ ಷಡ್ಜ ಹಚ್ಚಬೇಕು. ಬಾಯಾಗ ಒಂದು ಲವಂಗ, ತಲಿ ಮ್ಯಾಲೆ ಒದ್ದಿ ವಸ್ತ್ರ. ಯಾರಿಗೂ ಹೇಳಬಾರದು. ನಿನ್ನ ಮ್ಯಾಲಿನ ಪ್ರೀತಿಗೆ ಹೇಳೇನಿ.”

ಅವನು ನನ್ನ ಕಾಲು ಮುಟ್ಟಿದ. ನಾನು ಆಶೀರ್ವಾದ ಬೇರೆ ಮಾಡಿದೆ!

ಮಾರ್ಗಶಿರದ ಚಳಿ. ಪುಣೆಯ ಆ ಚಳಿಗೆ ನಾಯಿ ಕೂಡ ಬೂದಿಗುಡ್ಡೆ ಬಿಟ್ಟು ಏಳುತ್ತಿರಲಿಲ್ಲ. ಓಂಕಾರೇಶ್ವರದ ಹತ್ತಿರ ಮುಠಾ ನದಿಗೆ ಇಬ್ಬರೂ ಹೋದೆವು. ರಾಘು ಪಂಚೆ, ಅಂಗಿ ಕಳಚಿ ನನ್ನ ಕೈಗೆ ಕೊಟ್ಟು, ಲಂಗೋಟಿಯಲ್ಲಿ ನೀರಿಗಿಳಿದ. ಹಲ್ಲು ಕಟಕಟ ಎನ್ನುತ್ತಿತ್ತು. ಮೇಲಿನ ಮೆಟ್ಟಿಲ ಮೇಲೆ ನಾನು ಶಾಲು ಹೊದ್ದು ಕೂತೆ. ನನ್ನ ಯೋಜನೆ ಬಹಳ ಸರಳ. ಅವನು ಕಣ್ಣು ಮುಚ್ಚಿ ಹಾಡಲು ಶುರು ಮಾಡಿದ ಕೂಡಲೇ ಬಟ್ಟೆ ಗಂಟು ಎತ್ತಿಕೊಂಡು ಪರಾರಿಯಾಗುವುದು. ಲಂಗೋಟಿಯಲ್ಲಿ ಸದಾಶಿವ ಪೇಠದವರೆಗೆ ಅವನ ಮೆರವಣಿಗೆ ಆಗಬೇಕು, ತುಪ್ಪ ಹಾಕುವ ಏಳೂ ಮನೆಯವರು ನೋಡಬೇಕು.

ಅವನು ಕರಿ ನಾಲ್ಕರಿಂದ ಷಡ್ಜ ಎತ್ತಿದ. ಎತ್ತಿದ್ದಕ್ಕೆ ದಂಡೆಯಲ್ಲಿದ್ದ ಎರಡು ಕೊಕ್ಕರೆ ಹಾರಿಹೋದವು.

ಪಕ್ಕದ ಕಲ್ಲಿನ ಮೇಲೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಐವತ್ತರ ಸುಮಾರು, ದಪ್ಪ ತೋಳು, ಹಣೆಯ ಮೇಲೆ ದೊಡ್ಡ ಕುಂಕುಮ. ಊರವರ ಬಟ್ಟೆ ಒಗೆದು ಬದುಕುವವಳು. ಎತ್ತಿದ ಬಟ್ಟೆ ಎತ್ತಿದ ಹಾಗೇ ನಿಲ್ಲಿಸಿ ಮರಾಠಿಯಲ್ಲಿ ಏನೋ ಬೈದಳು. ರಾಘು ಗಾಬರಿಯಾಗಿ, “ಅಯ್ಯ ಯವ್ವಾ, ತಪ್ಪಾತ್ರಿ” ಎಂದ. ಅವಳ ಮುಖ ಅರಳಿತು.

“ಏ, ನಮ್ಮ ಕಡೆಯಾಂವೇನೋ ನೀ? ನಂದು ಸೊಲ್ಲಾಪುರ ಕಡಿ. ಯಾರ ಸತ್ತಾರೋ ತಮ್ಮಾ ನಿಮ್ಮನ್ಯಾಗ, ಹೊತ್ತು ಹುಟ್ಟೂದ್ರಾಗ ಹಿಂಗ ಹೊಯ್ಕೊಳ್ಳಾಕತ್ತಿ?”

“ಹಾಡಾಕತ್ತೀನಬೇ.”

“ಹಾಡ? ನಾ ಯಾರೋ ಕೋಳಿ ಕೊಯ್ಯಾಕತ್ತಾರ ಅನ್ಕೊಂಡೆ.”

ಮೆಟ್ಟಿಲ ಮೇಲೆ ನಾನು ಬಾಯಿಗೆ ಶಾಲು ತುರುಕಿಕೊಂಡು ನಕ್ಕೆ. ಇಂಥ ಸಹಾಯ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಓಡಿಹೋಗುವುದನ್ನು ಮುಂದೂಡಿ ಕೂತೆ. ಅದೇ ನನ್ನ ತಪ್ಪು.

ರಾಘು ಅಳತೊಡಗಿದ. ನೀರಿನಲ್ಲಿ ನಿಂತೇ, ನಡುಗುತ್ತ, ಗುರುತಿಲ್ಲದ ಆ ಹೆಂಗಸಿಗೆ ಎಲ್ಲ ಹೇಳಿದ. ನಾಟಕ, ಜನ ನಕ್ಕದ್ದು, ಮಾವನ ಗಡುವು, ಅಂಗಡಿ. ಅವಳು ಒಂದು ಅಂಗಿ ತೆಗೆದು ಬಿಡಿಸಿ ಅವನ ಮುಂದೆ ಹಿಡಿದಳು.

“ನೋಡಿಲ್ಲೆ. ಕಂಕಳದಾಗ ಹರದದ. ನಾ ಒಗಿಯೂ ಮನಿಗೋಳಾಗೆಲ್ಲಾ ನಿನ್ನಂಥದೊಂದು ಪೋರ ಇರ್ತದ. ಹ್ವಾದ ವರ್ಷದ ಅಂಗಿ ಈ ವರ್ಷ ಜಗ್ಗಿ ಜಗ್ಗಿ ತೊಟಗೋತಾವ, ಹರಕೋತಾವ. ಅವರವ್ವಗೋಳು ನನಗ ಬೈತಾರ, ನೀನ ಬಡದು ಹರದಿ ಅಂತ. ನಾ ಯಾಕ ಹರೀಲಿ? ಮೈ ಬೆಳದದ, ಅಷ್ಟ. ಅಂಗೀದೂ ತಪ್ಪಿಲ್ಲ, ಮೈದೂ ತಪ್ಪಿಲ್ಲ. ನೀನೂ ಹಂಗ ಜಗ್ಗಾಕತ್ತಿ ಮಗನ. ಬಿಡದನ್ನ. ದೊಡ್ಡದೊಂದು ತೊಟಗೋ.”

“ಹೆಂಗಬೇ?”

“ನನಗೇನ ಗೊತ್ತು ನಿಮ್ಮ ಹಾಡು? ದನಿ ಕೆಳಗ ಇಳಸು. ನನ್ನ ಸಂಗಾಟ ಹೂಂ ಅನ್ನು.”

ಅವಳು ಬಟ್ಟೆ ಎತ್ತಿ ಕಲ್ಲಿಗೆ ಬಡಿಯತೊಡಗಿದಳು. ಬಡಿದ ಪ್ರತಿ ಸಲಕ್ಕೂ ಎದೆಯಾಳದಿಂದ ಒಂದು ‘ಹೂಂ’. ಒರಟು ದನಿ. ಸುರ ಗಿರ ಏನೂ ಇಲ್ಲ. ರಾಘು ಮೊದಲು ನಾಚಿದ. ಆಮೇಲೆ ಚಳಿಗೋ ಏನೋ, ಅವಳ ಜೊತೆ ‘ಹೂಂ’ ಎಂದ. ಮತ್ತೊಮ್ಮೆ. ಹತ್ತು ಹನ್ನೆರಡು ಸಲ ಆಗಿರಬೇಕು. ಅವಳು ಬಟ್ಟೆ ಹಿಂಡಲೆಂದು ನಿಲ್ಲಿಸಿದಳು. ಅವನು ನಿಲ್ಲಿಸಲಿಲ್ಲ. ಆ ‘ಹೂಂ’ ಬಾಯಿ ತೆರೆದು ‘ಸಾ’ ಆಯಿತು.

ನನ್ನ ಬಾಯಿ ನೂರು ಸುಳ್ಳು ಹೇಳಿದೆ, ಕಿವಿ ಒಂದು ಸುಳ್ಳೂ ಹೇಳಿಲ್ಲ. ಅದು ಕರಿ ಒಂದು. ಕೂದಲೆಳೆಯಷ್ಟು ಆಚೆಯಿಲ್ಲ, ಈಚೆಯಿಲ್ಲ. ಒಡಕಿಲ್ಲ, ನಡುಕವಿಲ್ಲ. ತುಂಬಿದ ಕೊಡವನ್ನು ಯಾರೋ ಮೆಲ್ಲಗೆ ನೆಲಕ್ಕಿಟ್ಟ ಹಾಗೆ ಆ ದನಿ ನೀರಿನ ಮೇಲೆ ಕೂತಿತು. ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ಕೈ ನಿಲ್ಲಿಸಿ ತಿರುಗಿದ. ಆ ಹೆಂಗಸು ಒದ್ದೆ ಕೈಯನ್ನು ಎದೆಯ ಮೇಲಿಟ್ಟುಕೊಂಡು, “ಅಗದೀ ಗಂಡಸಾದ್ಯಲ್ಲೋ ಯಪ್ಪಾ” ಎಂದಳು.

ನಾನು? ಬಟ್ಟೆ ಗಂಟು ಎದೆಗೆ ಅವಚಿಕೊಂಡು ಕೂತೇ ಇದ್ದೆ. ಮೈಮೇಲೆ ರೋಮ ನಿಂತಿತ್ತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ಮೂರು ವರ್ಷ ದಿನಾ ಆರು ತಾಸು ಕೂತು ನಾನು ಹುಡುಕುತ್ತಿದ್ದದ್ದು ಅದನ್ನೇ. ಇವನಿಗೆ ಲಂಗೋಟಿಯಲ್ಲಿ, ಅಗಸಗಲ್ಲಿನ ಪಕ್ಕದಲ್ಲಿ, ಅದೂ ನಾನೇ ಕಳಿಸಿದ ನದಿಯಲ್ಲಿ ಸಿಕ್ಕಿಬಿಟ್ಟಿತು!

ಅವನು ದಂಡೆಗೆ ಓಡಿಬಂದು, ಒದ್ದೆ ಮೈಯಲ್ಲೇ ನನ್ನನ್ನು ಅಪ್ಪಿಕೊಂಡ. “ಶೇಷಣ್ಣ, ನಿಮ್ಮಿಂದ ಬಂತ್ರಿ ಇದು. ನಿಮ್ಮಿಂದ.”

ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಮುಂದಿನ ಐದು ದಿನ ನಮ್ಮ ಮಾಳಿಗೆಯಲ್ಲಿ ಹಬ್ಬ. ಅವನು ಪೇಟಿಯನ್ನು ತಾನೇ ಎಳೆದುಕೊಂಡು ಕರಿ ಒಂದು ಒತ್ತಿ ಹಾಡುತ್ತಿದ್ದ. ದಿನಕ್ಕೊಂದು ಸ್ವರ ಕೆಳಗೆ ಇಳಿಯುತ್ತಿದ್ದ. ಕಾಕೂ ಮೆಟ್ಟಿಲ ಮೇಲೆ ಕೂತು ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು, “ಸಾವಕಾಶ” ಎನ್ನುತ್ತಿರಲಿಲ್ಲ. ಮೂರನೆಯ ದಿನ ಅವನು ತಾಯಿಗೆ ಕಾರ್ಡು ಬರೆದು ನನಗೆ ಓದಿ ಹೇಳಿದ: “ಅವ್ವಾ, ದನಿ ಬಂತು. ಅಣ್ಣಪ್ಪ ಮಾಮಾಗ ಹೇಳು, ಅಂಗಡಿಗೆ ಬ್ಯಾರೆ ಹುಡುಗನ್ನ ನೋಡ್ಕೋ ಅಂತ.” ನಾನು “ಭಾಳ ಛಲೋ ಬರದಿ” ಎಂದೆ. ಅವತ್ತು ನನಗೆ ಊಟ ಸೇರಲಿಲ್ಲ.

ಆರನೆಯ ದಿನ ಬುವಾ ಬಂದರು. ಎರಡು ದಿನದ ರೈಲಿನಲ್ಲಿ ನಿದ್ದೆಗೆಟ್ಟ ಮುಖ. ತಂಬೂರಿ ಇನ್ನೂ ಗವಸಣಿಗೆಯಲ್ಲೇ ಇತ್ತು. ಚಹಾ ಕುಡಿದು, “ಬರ್ರಿ, ಕೇಳೂಣು” ಎಂದರು. ನಮ್ಮಲ್ಲಿ ಒಂದು ಶಿಸ್ತು ಇತ್ತು. ಗುರುಗಳ ಮುಂದೆ ಹಿರಿಯ ಶಿಷ್ಯ ಷಡ್ಜ ಕೊಡಬೇಕು, ಕಿರಿಯ ತಗೊಳ್ಳಬೇಕು. ಯಾವುದು, ಏನು ಎಂದು ಕೇಳುವ ಹಾಗಿಲ್ಲ. ಗುರು ಮತ್ತು ಹಿರಿಯನ ನಡುವೆ ಕಿರಿಯ ಬಾಯಿ ಹಾಕುವ ಹಾಗಿಲ್ಲ.

ನಾನು ಪೇಟಿಯ ಮುಂದೆ ಕೂತೆ. ರಾಘು ನನ್ನತ್ತ ನೋಡಿ ಸಣ್ಣಗೆ ನಕ್ಕ. ಬೆರಳು ಕರಿ ಒಂದರ ಮೇಲೇ ಇತ್ತು, ಸುಳ್ಳು ಹೇಳುವುದಿಲ್ಲ. ಅಲ್ಲಿಂದ ಅದು ಜರುಗಿತು. ಕರಿ ನಾಲ್ಕು ಒತ್ತಿದೆ.

ಅವನ ನಗು ಮುಖದ ಮೇಲೇ ನಿಂತಿತು. ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಕೊಟ್ಟ ಷಡ್ಜಕ್ಕೆ ಎತ್ತಿದ. ಅರ್ಧ ದಾರಿಯಲ್ಲಿ ಮುರಿಯಿತು.

“ಇನ್ನೂ ಅಲ್ಲೇ ಅದಾನೇನೋ ಇಂವ?” ಬುವಾ ನನ್ನನ್ನು ಕೇಳಿದರು. “ನಾ ಹೇಳಿದ್ದು ಹೇಳೀಯಿಲ್ಲೋ ಇವಂಗ?”

“ಹೇಳೀನ್ರಿ ಬುವಾ. ಇಳಿಯಾಂಗಿಲ್ಲ ಅಂತಾನ್ರಿ.”

ಬುವಾ ಎಲ್ಲವನ್ನೂ ಸಹಿಸುತ್ತಿದ್ದರು, ಹಟಮಾರಿ ಶಿಷ್ಯನನ್ನಲ್ಲ. “ಹಟ ಇದ್ದವಂಗ ವಿದ್ಯಾ ಹತ್ತಂಗಿಲ್ಲಪ್ಪ. ಊರಿಗೆ ಹೋಗು” ಎಂದು ಎದ್ದು ಒಳಗೆ ಹೋದರು. ಗುರುಗಳು ಮೊದಲೇ ನನಗೆ ಹೇಳಿದ್ದರೆಂಬುದು ರಾಘುವಿಗೆ ಆಗ ಗೊತ್ತಾಯಿತು. ಅವನು ಬಾಯಿ ಬಿಟ್ಟಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅವನು ಬಿಡಲಿಲ್ಲ. ಬುವಾ ಕೂತಿದ್ದ ಜಮಖಾನೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಮಾಳಿಗೆ ಹತ್ತಿದ.

ಮರುದಿನ ಸ್ಟೇಶನ್ನಿಗೆ ಅವನ ಟ್ರಂಕು ಹೊತ್ತವನೂ ನಾನೇ. ಯಾಕೆ ಹೋದೆನೋ, ಇವತ್ತಿಗೂ ಗೊತ್ತಿಲ್ಲ. ಬೈಯುತ್ತಾನೆ, ಬೈದರೆ ಹಗುರಾಗುತ್ತದೆ ಅಂದುಕೊಂಡಿದ್ದೆನೇನೋ. ಅವನು ಬೈಯಲಿಲ್ಲ. ಗಾಡಿ ಸೀಟಿ ಹಾಕಿದಾಗ ಕಿಟಕಿಯಿಂದ ಬಗ್ಗಿ, ಒಂದೇ ಮಾತು ಕೇಳಿದ.

“ಶೇಷಣ್ಣ, ಒಂದ ಖರೆ ಹೇಳ್ರಿ. ಮಾಳಿಗ್ಯಾಗ ಐದು ದಿನ ಹಾಡಿದ್ದೆಲ್ಲಾ ಹೊಳ್ಯಾಗ ಸಿಕ್ಕದ್ದರ ನಂಬಿಗಿ ಮ್ಯಾಲೆ. ಅವತ್ತ ಹೊಳ್ಯಾಗ ಷಡ್ಜ ಖರೇನ ಬಂದಿತ್ತೋ, ನನಗಷ್ಟ ಹಂಗ ಕೇಳಿಸ್ತೋ? ಗೊತ್ತಿದ್ದವರು ಕೇಳಿದ್ದು ನೀವೊಬ್ರ.”

ಹೌದು ಎಂದರೆ ಸಾಕಿತ್ತು. ಗುರು ಇಲ್ಲದಿದ್ದರೇನು, ಊರಲ್ಲಿ ಕೂತಾದರೂ ಹಾಡುತ್ತಿದ್ದ. ನಾನು ಜಾಣನಲ್ಲವೇ, ಹೇಳಿದೆ:

“ನೀರಾಗ ನಿಂತ್ರ ಎಲ್ಲಾರ ದನೀನೂ ದೊಡ್ಡದಾಗೇ ಕೇಳ್ತದೋ ಹುಚ್ಚಾ.”

ಅವನು ನಕ್ಕ. “ಹೌದೇನೋ” ಎಂದ. ಗಾಡಿ ಹೊರಟಿತು.

ಬುವಾ ಹಿಂದೆ ನಾನು ಆರು ವರ್ಷ ತಂಬೂರಿ ಹಿಡಿದೆ. ಕಛೇರಿ ಮಾಡಿದೆ, ಶಾಲೆಯಲ್ಲಿ ಹಾಡು ಕಲಿಸಿದೆ, ಹಾರ ಹಾಕಿಸಿಕೊಂಡೆ. ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಆ ಹೆಂಗಸು ಒಂದು ಸಲ ಲಕಡಿ ಸೇತುವೆಯ ಹತ್ತಿರ ಸಿಕ್ಕು, “ನಿನ್ನ ಸಂಗಾಟ ಇದ್ದನಲ್ಲ ಆ ತಮ್ಮ, ಎಲ್ಲಿ ಹಾಡ್ತಾನೀಗ?” ಎಂದಳು. “ಮುಂಬೈಯಾಗ” ಎಂದೆ. ಅವಳಿಗಾದ ಸಂತೋಷ ನೋಡಲಾರದೆ, ಆಮೇಲೆ ಆ ದಾರಿಯನ್ನೇ ಬಿಟ್ಟೆ. ರಾಘು ಖಣದ ಅಂಗಡಿಯಲ್ಲೇ ಮುದುಕನಾದನಂತೆ. ಗುಡಿಯ ಭಜನೆಗೆ ಕರೆದರೂ ತಾಳ ಹಾಕುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ ಎಂದು ಅವನ ಊರಿನವರೊಬ್ಬರು ಹೇಳಿದರು. ಅವನು ತೀರಿಕೊಂಡ ಸುದ್ದಿ ಅವರಿಂದಲೇ ಗೊತ್ತಾಯಿತು.

ನನಗೀಗ ಎಂಬತ್ತು ದಾಟಿದೆ. ಅವನಿಗೆ ಹೇಳಬೇಕಾಗಿದ್ದನ್ನು ನಿಮಗೆ ಹೇಳುತ್ತಿದ್ದೇನೆ. ಬಂದಿತ್ತು. ಖರೇನೇ ಬಂದಿತ್ತು. ಅದರ ನಂತರ ದೊಡ್ಡ ದೊಡ್ಡವರನ್ನೆಲ್ಲ ಎದುರಿಗೆ ಕೂತು ಕೇಳಿದ್ದೇನೆ, ಅಂಥ ಷಡ್ಜ ಇನ್ನೊಂದು ಕೇಳಿಲ್ಲ. ನನ್ನ ಗಂಟಲಿಗಂತೂ ಅದು ಒಂದು ದಿನವೂ ಬರಲಿಲ್ಲ. ಇದನ್ನು ಬರೆಯುವಾಗ ಪಶ್ಚಾತ್ತಾಪವಷ್ಟೇ ಇದೆ ಎಂದರೆ ಮತ್ತೊಂದು ಸುಳ್ಳು ಹೇಳಿದಂತಾಗುತ್ತದೆ. ಹೊಟ್ಟೆ ಇನ್ನೂ ಉರಿಯುತ್ತದೆ.